ಓಪನ್ ಸೋರ್ಸ್ ಯೋಜನೆಗಳು ಗಿಟ್‌ಹಬ್ ಬಿಟ್ಟು ಹೊರಗೆ ಬರಬೇಕಾ?

ಪರ

ಕೋಡಿನ ಪ್ರತಿ ಬದಲಾವಣೆಯ ಲೆಕ್ಕ ಇಡುವ ಗಿಟ್ ಹುಟ್ಟಿದ್ದೇ ಬೇರೆಯವರ ಸಾಧನ ನಂಬಿ ತಿಂದ ಒಂದು ಪೆಟ್ಟಿನಿಂದ. 2005ರವರೆಗೆ ಲಿನಕ್ಸ್ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ತಂಡ ಅದೇ ಕೆಲಸಕ್ಕೆ ಬಿಟ್‌ಕೀಪರ್ ಅನ್ನುವ ಖಾಸಗಿ ಸಾಫ್ಟ್‌ವೇರ್ ಬಳಸುತ್ತಿತ್ತು. ಕಂಪನಿ ಉಚಿತ ಬಳಕೆ ನಿಲ್ಲಿಸಿದಾಗ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಕೂತು ಗಿಟ್ ಬರೆದರು. ಯಾವ ಸರ್ವರಿನ ಹಂಗೂ ಬೇಡ, ಕ್ಲೋನ್ (ನಕಲು) ಮಾಡಿಕೊಂಡ ಪ್ರತಿಯೊಬ್ಬರ ಹತ್ತಿರವೂ ಪೂರ್ತಿ ಇತಿಹಾಸ ಇರುತ್ತದೆ. ಅಂಥ ಸಾಧನ ಕೈಯಲ್ಲಿದ್ದೂ ನಾವೆಲ್ಲ ಗಿಟ್ ಯೋಜನೆಗಳನ್ನು ಇಡುವ ಗಿಟ್‌ಹಬ್ ಅನ್ನುವ ಒಂದೇ ಮನೆಯಲ್ಲಿ ಹೋಗಿ ಕೂತಿದ್ದೇವೆ, ಆ ಮನೆಯನ್ನು ಮೈಕ್ರೋಸಾಫ್ಟ್ 2018ರಲ್ಲಿ 750 ಕೋಟಿ ಡಾಲರಿಗೆ ಕೊಂಡುಕೊಂಡಿತು.

ಯಜಮಾನ ಒಳ್ಳೆಯವನಾ ಕೆಟ್ಟವನಾ ಅನ್ನುವುದಲ್ಲ ಇಲ್ಲಿ ಪ್ರಶ್ನೆ. ಅವನ ಮೇಲೂ ಒಂದು ಸರ್ಕಾರ ಇದೆ, ಅಲ್ವಾ? 2019ರಲ್ಲಿ ಅಮೆರಿಕದ ನಿರ್ಬಂಧದ ಕಾರಣಕ್ಕೆ ಇರಾನ್, ಸಿರಿಯಾ, ಕ್ರೈಮಿಯಾದ ಡೆವಲಪರ್‌ಗಳ ಖಾಸಗಿ ರೆಪೊಗಳಿಗೆ (ಯೋಜನೆಯ ಕೋಡ್ ಇಡುವ ಜಾಗಗಳಿಗೆ) ಬೀಗ ಬಿತ್ತು. ಅವರು ಯಾವ ತಪ್ಪೂ ಮಾಡಿರಲಿಲ್ಲ. 2020ರ ಅಕ್ಟೋಬರಿನಲ್ಲಿ ಅಮೆರಿಕದ ಸಂಗೀತ ಕಂಪನಿಗಳ ಸಂಘ ನೋಟಿಸ್ ಕೊಟ್ಟಿತು, ವಿಡಿಯೊ ಇಳಿಸಿಕೊಳ್ಳುವ ಯೂಟ್ಯೂಬ್-ಡಿಎಲ್ ಗಿಟ್‌ಹಬ್‌ನಿಂದ ಮಾಯವಾಯಿತು, ವಾಪಸ್ ಬಂದದ್ದು ನವೆಂಬರಿನಲ್ಲಿ. ನಮ್ಮ ದೇಶದಲ್ಲೂ 2014ರ ಕೊನೆಗೆ ಗಿಟ್‌ಹಬ್‌ನ ಗಿಸ್ಟ್ (ಕೋಡ್ ತುಣುಕು ಹಂಚುವ) ಪುಟಗಳಿಗೆ ತಡೆ ಬಿದ್ದಿತ್ತು.

ಬೇರೆ ದಾರಿ ಇಲ್ಲವೇ ಅಂದರೆ, ಇದೆ. ಗಿಟ್‌ಹಬ್‌ನಂಥದೇ ತಾಣ ಕೋಡ್‌ಬರ್ಗ್ ನಡೆಸುವುದು ಬರ್ಲಿನ್ನಿನ ಒಂದು ಸಂಘ, ಲಾಭಕ್ಕೆ ನಡೆಯುವುದಲ್ಲ, ಸದಸ್ಯರೇ ಓಟು ಹಾಕುತ್ತಾರೆ. ಝಿಗ್ ಪ್ರೋಗ್ರಾಮಿಂಗ್ ಭಾಷೆಯ ತಂಡ 2025ರಲ್ಲಿ ಅಲ್ಲಿಗೆ ಹೋಯಿತು. ಕೋಡ್‌ಬರ್ಗ್‌ನ ಹಿಂದಿರುವ ಫೋರ್ಜೆಯೊ ಸಾಫ್ಟ್‌ವೇರನ್ನು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ರ್‍ಯಾಡಿಕಲ್ ಇನ್ನೂ ಒಂದು ಹೆಜ್ಜೆ ಮುಂದೆ: ಕೋಡ್ ಮಾತ್ರ ಅಲ್ಲ, ಇಶ್ಯೂಗಳು (ದೂರು, ಸಲಹೆ), ಪ್ಯಾಚ್‌ಗಳು (ತಿದ್ದುಪಡಿ) ಕೂಡ ಗಿಟ್ ಒಳಗೇ ಇರುತ್ತವೆ, ಬಳಸುವವರ ಕಂಪ್ಯೂಟರುಗಳೇ ಪ್ರತಿ ಇಟ್ಟುಕೊಳ್ಳುತ್ತವೆ. ಬೀಗ ಹಾಕೋಣವೆಂದರೆ ಬಾಗಿಲೇ ಇಲ್ಲ.

ವಿರೋಧ

ಕೋಡ್ ಸಾಗಿಸಲು ಒಂದು ಪುಶ್ (ಕಳಿಸುವ ಆದೇಶ) ಸಾಕು. ಜನರನ್ನು ಸಾಗಿಸುವುದು ಹೇಗೆ?

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುವ ಪುಟ್ಟ ಸ್ಕ್ರಿಪ್ಟ್ ಒಂದನ್ನು ನಾನು ನೋಡಿಕೊಳ್ಳುತ್ತೇನೆ. ಅರ್ಕಾವತ್ತು ಯಾವಾಗಲೂ ತಪ್ಪು ಜಾಗಕ್ಕೆ ಹೋಗುತ್ತಿತ್ತು, ಯಾಕೆಂದರೆ ನುಡಿಯಲ್ಲಿ ಅದು ಅಕ್ಷರದ ನಂತರ, ಯೂನಿಕೋಡ್‌ನಲ್ಲಿ ಮೊದಲು. ಅದನ್ನು ಸರಿ ಮಾಡಿದ್ದು ಡಿಪ್ಲೊಮಾ ಓದುತ್ತಿದ್ದ ಒಬ್ಬ ಹುಡುಗಿ. ಗಿಟ್‌ಹಬ್ ಖಾತೆ ಮೊದಲೇ ಇತ್ತು, ಹುಡುಕಿದಾಗ ನನ್ನ ರೆಪೊ ಸಿಕ್ಕಿತು, ಸಂಜೆ ಕೂತು ತಿದ್ದಿ ಕಳಿಸಿದಳು. ಹೆಸರು ಕೇಳದ ಇನ್ನೊಂದು ಜಾಗದಲ್ಲಿ ಖಾತೆ ತೆರೆಯಬೇಕಿದ್ದರೆ ಸುಮ್ನೆ ಬಿಟ್ಟುಬಿಡುತ್ತಿದ್ದಳು ಅಂತಲೇ ನನಗೆ ಅನಿಸುತ್ತದೆ. ಒಂದು ಫೋರ್ಜೆಯೊ ಖಾತೆಯಿಂದ ಇನ್ನೊಂದು ಸರ್ವರಿಗೆ ಪುಲ್ ರಿಕ್ವೆಸ್ಟ್ (ತಿದ್ದಿದ್ದನ್ನು ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸುವ ಸೌಲಭ್ಯ ಕಟ್ಟುವ ಕೆಲಸ ವರ್ಷಗಳಿಂದ ನಡೆಯುತ್ತಿದೆ, ಇನ್ನೂ ಕೈಗೆ ಬಂದಿಲ್ಲ.

ಸ್ವಂತ ಸರ್ವರ್ ಅಂದರೆ ಬ್ಯಾಕಪ್, ಸ್ಪ್ಯಾಮ್ ಎಲ್ಲ ನಮ್ಮ ತಲೆಗೇ. ಈಗ ಎಐ ಬಾಟ್‌ಗಳ ಕಾಟ ಬೇರೆ. ಪ್ರತಿ ಕಮಿಟ್‌ನ (ದಾಖಲಾದ ಬದಲಾವಣೆಯ) ಪುಟವನ್ನೂ ಎಳೆಯುತ್ತವೆ. ಗ್ನೋಮ್ ಡೆಸ್ಕ್‌ಟಾಪ್‌ನಂಥ ದೊಡ್ಡ ಯೋಜನೆಯೇ ಕೋಡ್ ಇಡುವ ತನ್ನ ಗಿಟ್‌ಲ್ಯಾಬ್ ಸರ್ವರಿನ ಮುಂದೆ ಅನುಬಿಸ್ ಅನ್ನುವ ಕಾವಲು ನಿಲ್ಲಿಸಬೇಕಾಯಿತು. ಸಂಜೆ ಎರಡು ಗಂಟೆ ಬಿಡುವು ಸಿಗುವ ನನ್ನಂಥವರಿಗೆ ಆ ಸಮಯ ಕೋಡ್ ಬರೆಯಲು ಬೇಕು. ಚಿಕ್ಕ ಜಾಗಗಳು ಶಾಶ್ವತವೂ ಅಲ್ಲ: ಕೋಡ್ ಇಡುವ ಗಿಟೋರಿಯಸ್ ತಾಣ ಕೂಡ ಓಪನ್ ಸೋರ್ಸ್ ಆಗಿತ್ತು, 2015ರಲ್ಲಿ ಮುಚ್ಚಿತು.

ನನ್ನ ಸ್ಕ್ರಿಪ್ಟ್‌ನ ಒಂದು ಪ್ರತಿ ಕೋಡ್‌ಬರ್ಗ್‌ನಲ್ಲೂ ಇದೆ, ಪ್ರತಿ ವಾರ ಪುಶ್ ಮಾಡುತ್ತೇನೆ. ಇಶ್ಯೂಗಳು ಮಾತ್ರ ಈಗಲೂ ಗಿಟ್‌ಹಬ್‌ಗೇ ಬರುತ್ತವೆ.