ಆ ಫೋಟೊಗೆ ಸಿಕ್ಕ ಶಹಬ್ಬಾಸ್‌ಗಿರಿ

ಕಳೆದ ವಾರ ನಾನು ಹಾಕಿದ್ದ ಫೋಟೊವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಶಿಖರದ ಕಲ್ಲುಗುಪ್ಪೆಯ ಪಕ್ಕ ನಾನು, ಕೆಂಪಗಾದ ಮೂಗು, ಬೆನ್ನ ಹಿಂದೆ ಬರೀ ಬಿಳಿ ಮೋಡ. ‘ಒಬ್ಬನೇ ಹತ್ತಿದೆಯಾ? ನಿನ್ನದು ಗಟ್ಟಿ ಗುಂಡಿಗೆ’ ಎಂದು ಹಲವರು ಬರೆದಿರಿ. ಎಲ್ಲದಕ್ಕೂ ಕೈಮುಗಿದ ಚಿತ್ರ ಒತ್ತಿ ಸುಮ್ಮನಾಗಿದ್ದೆ. ಹಾಗೆಯೇ ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಮೂವರು ಖಾಸಗಿಯಾಗಿ ಸಂದೇಶ ಕಳುಹಿಸಿದ್ದಾರೆ. ಮೂವರಿಗೂ ಚಾರಣ ಹೊಸದು, ಮೂವರಿಗೂ ಎತ್ತರದ ಬೆಟ್ಟವನ್ನೇ ಹತ್ತಬೇಕು, ಅದೂ ಒಬ್ಬರೇ. ‘ನೀವೂ ಮೊದಲ ಸಲವೇ ಹತ್ತಿದಿರಲ್ಲ, ನೋಡಿ ಧೈರ್ಯ ಬಂತು’ ಎಂದು ಒಬ್ಬರು ಬರೆದಿದ್ದಾರೆ. ಆ ಸಾಲು ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿದೆ. ಅದಕ್ಕೇ ಈ ಬರಹ.

ಆ ಫೋಟೊ ತೆಗೆದದ್ದು ಮಧ್ಯಾಹ್ನ 2 ಗಂಟೆ 20 ನಿಮಿಷಕ್ಕೆ. ಹಿಂದಿನ ರಾತ್ರಿ ತಂಗುದಾಣದಲ್ಲಿ ಕುಳಿತು ನಾನೇ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ: ‘ಎಲ್ಲೇ ಇರಲಿ, 12ಕ್ಕೆ ವಾಪಸ್.’ ಬೆಟ್ಟ ಹತ್ತುವವರೆಲ್ಲ ಇಂಥದ್ದೊಂದು ಗಡುವು ಇಟ್ಟುಕೊಳ್ಳುತ್ತಾರೆ ಎಂದು ಓದಿದ್ದೆ. ಹನ್ನೆರಡು ಗಂಟೆಗೆ ಚೀಟಿಯನ್ನು ಜೇಬಿನಿಂದ ತೆಗೆದೆ, ಓದಿದೆ, ನಾಲ್ಕಾಗಿ ಮಡಚಿ ವಾಪಸ್ ಇಟ್ಟುಕೊಂಡೆ, ಮೇಲಕ್ಕೆ ನಡೆದೆ. ನಿಮ್ಮ ಮೆಚ್ಚುಗೆ ಸಂದಿರುವುದು ಈ ಮನುಷ್ಯನಿಗೆ.

ಲೆಕ್ಕ ಎಲ್ಲಿ ತಪ್ಪಿತು ಎಂದು ಈಗ ನೋಡಿದರೆ ನಗು ಬರುತ್ತದೆ. ತಂಗುದಾಣ ಇದ್ದದ್ದು 2,700 ಮೀಟರಿನಲ್ಲಿ, ಶಿಖರ 4,100ರಲ್ಲಿ, ನಡುವೆ ಒಂಬತ್ತು ಕಿಲೋಮೀಟರ್ ದಾರಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಒಂದು ಸೂತ್ರವಿದೆ. ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಹಾಗೆ ಕೂಡಿಸಿದರೆ ನಾಲ್ಕು ಗಂಟೆ ಚಿಲ್ಲರೆ. ಬೆಳಿಗ್ಗೆ ಐದೂವರೆಗೆ ಹೊರಟರೆ ಹತ್ತರೊಳಗೆ ಶಿಖರ, ಊಟದ ಹೊತ್ತಿಗೆ ವಾಪಸ್ ಎಂದುಕೊಂಡೆ. ನೇಸ್ಮಿತ್ ಆ ಲೆಕ್ಕ ಹಾಕಿದ್ದು ನಡೆದು ನಡೆದು ಪಳಗಿದ ಕಾಲುಗಳಿಗೆ, ಸ್ಕಾಟ್ಲೆಂಡಿನ ಬೆಟ್ಟಗಳಿಗೆ. ಅಲ್ಲಿನ ಅತಿ ಎತ್ತರದ ಶಿಖರವೇ 1,345 ಮೀಟರ್. ನಾನು ಮಲಗಿದ್ದ ಮಂಚವೇ ಅದರ ಎರಡರಷ್ಟು ಎತ್ತರದಲ್ಲಿತ್ತು.

ತಲೆನೋವು ಹತ್ತು ಗಂಟೆಯ ಸುಮಾರಿಗೆ ಶುರುವಾಯಿತು. ಹಣೆಯ ಎರಡೂ ಬದಿಯಲ್ಲಿ, ಹೆಜ್ಜೆ ಇಟ್ಟಾಗಲೆಲ್ಲ ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ. ರಾತ್ರಿ ನಿದ್ದೆಯಾಗಿಲ್ಲ, ಅದಕ್ಕೇ ಎಂದುಕೊಂಡೆ. ಆಮೇಲೆ ಬಿಸಿಲಿಗೆ ಎಂದುಕೊಂಡೆ. ಬ್ಯಾಗಿನ ಪಟ್ಟಿ ಬಿಗಿಯಾಗಿದೆ ಎಂದು ಅದನ್ನೂ ಸಡಿಲಿಸಿದೆ. ಬಾಟಲಿಯ ಮುಚ್ಚಳ ತಿರುಗಿಸಲು ಮೂರು ಸಲ ಪ್ರಯತ್ನಿಸಬೇಕಾಯಿತು. ತಪ್ಪು ದಿಕ್ಕಿಗೆ ತಿರುಗಿಸುತ್ತಿದ್ದೆ.

ಮೇಲೆ ಹೋದಂತೆ ಆಮ್ಲಜನಕ ಕಡಿಮೆ ಎಂದು ನಾವೆಲ್ಲ ಹೇಳುತ್ತೇವೆ. ಗಾಳಿಯಲ್ಲಿ ಅದರ ಪಾಲು ಎಲ್ಲಿ ಹೋದರೂ ಶೇಕಡಾ 21ರ ಆಸುಪಾಸಿನಲ್ಲೇ ಇರುತ್ತದೆ. ಇಳಿಯುವುದು ಗಾಳಿಯ ಒತ್ತಡ. 4,000 ಮೀಟರಿನಲ್ಲಿ ಅದು ಸಮುದ್ರಮಟ್ಟದ ಶೇಕಡಾ 60ರಷ್ಟು, 5,500 ಮೀಟರಿನಲ್ಲಿ ಅರ್ಧ. ಒಂದೊಂದು ಉಸಿರಿನಲ್ಲಿ ಒಳಗೆ ಬರುವ ಆಮ್ಲಜನಕವೂ ಅಷ್ಟೇ ಕಡಿಮೆ. ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ದಿನಗಳನ್ನು ಕೇಳುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ತಂಗಿ ಎಂದು ವೈದ್ಯರು ಹೇಳುವುದು ಇದಕ್ಕೇ. ನಾನಾದರೋ ಹಿಂದಿನ ದಿನವಷ್ಟೇ ಬಯಲಿನಿಂದ ಬಂದವನು. ಇಷ್ಟೆಲ್ಲ ಓದಿಕೊಂಡೇ ಹೋಗಿದ್ದೆ ಎಂಬುದು ಇನ್ನೂ ದೊಡ್ಡ ನಾಚಿಕೆ. ಎತ್ತರದ ಕಾಯಿಲೆ ಕೆರಳಿ ಮಿದುಳಿಗೆ ಊತ ಬಂದರೆ ಮೊದಲು ಕಾಣುವ ಲಕ್ಷಣಗಳು ತಡವರಿಸುವ ನಡಿಗೆ, ಗೊಂದಲ. ಅಂದರೆ ‘ನಾನು ಸರಿಯಾಗಿದ್ದೇನೆಯೇ’ ಎಂದು ತೀರ್ಮಾನಿಸಬೇಕಾದ ನ್ಯಾಯಾಧೀಶನೇ ಮೊದಲು ಮತ್ತಿಗೆ ಬೀಳುತ್ತಾನೆ. ಇಬ್ಬರಿದ್ದರೆ ಒಬ್ಬನು ಇನ್ನೊಬ್ಬನ ಹೆಜ್ಜೆ ನೋಡಿ ‘ಏಕೆ ಹೀಗೆ ವಾಲುತ್ತಿದ್ದೀಯ?’ ಎಂದು ಕೇಳುತ್ತಾನೆ. ನನ್ನ ಹೆಜ್ಜೆಯನ್ನು ನೋಡಲು ನನ್ನ ನೆರಳೊಂದೇ ಇತ್ತು. ಅದೂ ನನ್ನ ಹಾಗೆಯೇ ವಾಲುತ್ತಿತ್ತು.

(ನನಗೆ ಊತವೇನೂ ಬಂದಿರಲಿಲ್ಲ. ಕೆಳಗೆ ಇಳಿದಂತೆ ತಲೆನೋವು ತಾನಾಗಿ ಕರಗಿತು. ಆದರೆ ಅದು ಮೇಲೆ ನಿಂತಿದ್ದಾಗ ನನಗೆ ಗೊತ್ತಿರಲು ಸಾಧ್ಯವಿರಲಿಲ್ಲ.)

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕಟ್ಟಿದವನು ಅರ್ಧ ಮಾತು ಹೇಳಿ ನಿಲ್ಲಿಸಿದ್ದಾನೆ. ಹತ್ತಿರದ ಬೆಟ್ಟ ಮೋಸ ಮಾಡುತ್ತದೆ. ಕೆಳಗಿನಿಂದ ಶಿಖರವೆಂದು ಕಂಡದ್ದನ್ನು ಏದುಸಿರು ಬಿಡುತ್ತಾ ಹತ್ತಿ ನಿಂತರೆ, ಅದರ ಹಿಂದೆ ಇನ್ನೊಂದು ದಿಣ್ಣೆ. ಅದನ್ನು ಹತ್ತಿದರೆ ಮತ್ತೊಂದು. ನನ್ನ ಬೆಟ್ಟದಲ್ಲಿ ಇಂಥ ಹುಸಿ ಶಿಖರಗಳು ನಾಲ್ಕಿದ್ದವು. ಪ್ರತಿಯೊಂದರ ಬುಡದಲ್ಲೂ ನನ್ನೊಳಗೆ ಒಂದು ಸಭೆ ನಡೆಯಿತು. ಅಧ್ಯಕ್ಷ ನಾನೇ, ಸದಸ್ಯ ನಾನೇ, ಕೈ ಎತ್ತುವವನೂ ನಾನೇ. ‘ಇನ್ನು ಹತ್ತೇ ನಿಮಿಷ’ ಎಂಬ ಗೊತ್ತುವಳಿ ನಾಲ್ಕು ಸಲವೂ ಸರ್ವಾನುಮತದಿಂದ ಪಾಸಾಯಿತು. ಪಕ್ಕದಲ್ಲಿ ಒಬ್ಬನೇ ಒಬ್ಬ ಸುಸ್ತಾದ ಗೆಳೆಯ ಇದ್ದಿದ್ದರೂ ಸಾಕಿತ್ತು, ಅವನು ಕಲ್ಲಿನ ಮೇಲೆ ಕುಳಿತು ‘ನನ್ನ ಕೈಯಲ್ಲಿ ಆಗುವುದಿಲ್ಲ’ ಎನ್ನುತ್ತಿದ್ದ, ನಾನು ಅವನನ್ನು ಬೈದುಕೊಳ್ಳುತ್ತಾ ಇಳಿಯುತ್ತಿದ್ದೆ, ಈಗ ಅವನಿಗೆ ಋಣಿಯಾಗಿರುತ್ತಿದ್ದೆ.

ಇಳಿಯುವಾಗಿನ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮೂರು ಗಂಟೆಗೆ ಮೋಡ ದಾರಿಯ ಮೇಲೇ ಕುಳಿತಿತು. ದಾರಿ ತೋರುವ ಕಲ್ಲುಗುಪ್ಪೆಗಳು ಒಂದರಿಂದ ಒಂದು ಕಾಣದಾದವು. ನಾನು ಇಳಿಯುತ್ತಿರುವ ಏಣು ಬೇರೆ ಎಂದು ಗೊತ್ತಾಗುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಕಾಲ ಕೆಳಗೆ ಸಡಿಲ ಜಲ್ಲಿ, ಮುಂದೆ ಏನಿದೆಯೋ ಕಾಣದ ಕಮರಿ. ಕೂಗಿದೆ. ನನ್ನ ದನಿ ಹತ್ತಿ ಉಂಡೆಯೊಳಗೆ ಕೂಗಿದಂತೆ ಅಲ್ಲೇ ಸತ್ತಿತು. ಗಂಟಲು ಕಟ್ಟುವವರೆಗೆ ಕೂಗಿ, ಕೊನೆಗೆ ಆ ದಿನ ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದೆ. ಇಳಿದ ದಾರಿಯಲ್ಲೇ ಮತ್ತೆ ಮೇಲಕ್ಕೆ ಹತ್ತಿ, ಕೊನೆಯ ಸಲ ನೋಡಿದ್ದ ಕಲ್ಲುಗುಪ್ಪೆಯ ಬುಡಕ್ಕೆ ಹೋಗಿ ಕುಳಿತೆ. ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಉಷ್ಣಾಂಶ ಇಳಿಯುತ್ತದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಬೆವರಿನಿಂದ ತೊಯ್ದ ಹತ್ತಿ ಬನಿಯನ್ ಬೆನ್ನಿಗೆ ಅಂಟಿಕೊಂಡಾಗ ಆ ಪಾಠ ಅರ್ಥವಾಯಿತು. ನಲವತ್ತು ನಿಮಿಷದ ಮೇಲೆ ಗಾಳಿ ಬೀಸಿ ಮೋಡ ಒಂದಿಷ್ಟು ಹರಿಯಿತು, ಮುಂದಿನ ಗುಪ್ಪೆ ಕಂಡಿತು. ಕತ್ತಲಾದ ಮೇಲೆ ಹೆಡ್‌ಲ್ಯಾಂಪ್ ಮಂಕಾಯಿತು. ಚಳಿಗೆ ಬ್ಯಾಟರಿ ಸೋಲುತ್ತದೆ. ತಂಗುದಾಣ ತಲುಪಿದ್ದು ರಾತ್ರಿ ಒಂಬತ್ತಕ್ಕೆ.

ಗಾಳಿ ಬೀಸದೆ ಇದ್ದಿದ್ದರೆ? ಫೋಟೊ ಅದೇ ಇರುತ್ತಿತ್ತು. ಕೆಳಗೆ ನೀವು ಬರೆಯುವ ಸಾಲುಗಳು ಬೇರೆ ಇರುತ್ತಿದ್ದವು. ಬದುಕಿ ಬಂದದ್ದನ್ನೇ ಸರಿಯಾಗಿ ಮಾಡಿದ್ದಕ್ಕೆ ಸಾಕ್ಷಿ ಎಂದು ತಿಳಿಯುವುದರಲ್ಲಿ ನನಗೆ ತಕರಾರಿದೆ. ಸಿಗ್ನಲ್ ಹಾರಿಸಿ ಬೈಕ್ ಓಡಿಸಿದವನು ಮನೆ ಸೇರಿದ ಮಾತ್ರಕ್ಕೆ ಅವನ ಚಾಲನೆಯನ್ನು ಯಾರೂ ಹೊಗಳುವುದಿಲ್ಲ.

ಏನೂ ತಿಳಿಯದೆ ಒಬ್ಬನೇ ಹೋದವರಲ್ಲಿ ನನಗೆ ಅತ್ಯಂತ ಪ್ರೀತಿ ಇರುವುದು, ಹಾಗೆಯೇ ಅತ್ಯಂತ ಕೋಪ ಬರುವುದು, ಮಾರಿಸ್ ವಿಲ್ಸನ್ ಮೇಲೆ. ಮೊದಲ ಮಹಾಯುದ್ಧದಲ್ಲಿ ಶೌರ್ಯಪದಕ ಪಡೆದ ಇಂಗ್ಲೆಂಡಿನ ಸೈನಿಕ. ಪರ್ವತಾರೋಹಣದ ಗಂಧಗಾಳಿ ಇಲ್ಲ. ಎವರೆಸ್ಟನ್ನು ಒಬ್ಬನೇ ಹತ್ತುತ್ತೇನೆಂದು ಹಟ ಹಿಡಿದು, ವಿಮಾನ ಹಾರಿಸುವುದನ್ನು ಹೊಸದಾಗಿ ಕಲಿತು, 1933ರಲ್ಲಿ ಪುಟ್ಟ ವಿಮಾನದಲ್ಲಿ ಇಂಗ್ಲೆಂಡಿನಿಂದ ಭಾರತದವರೆಗೆ ಹಾರಿ ಬಂದ. ಮರುವರ್ಷ ವೇಷ ಮರೆಸಿಕೊಂಡು ಟಿಬೆಟ್ ಹೊಕ್ಕ. ಅವನ ದಿನಚರಿಯ ಕೊನೆಯ ನಮೂದು 1934ರ ಮೇ 31ರದು: ಮತ್ತೆ ಹೊರಟೆ, ದಿನ ಸೊಗಸಾಗಿದೆ ಎನ್ನುವ ಅರ್ಥದ ಎರಡು ಮಾತು. ಮುಂದಿನ ವರ್ಷ ಎರಿಕ್ ಶಿಪ್ಟನ್ ನೇತೃತ್ವದ ತಂಡಕ್ಕೆ ಅವನ ದೇಹ ಸಿಕ್ಕಿತು. ಅವನ ಛಲಕ್ಕೆ ತಲೆಬಾಗುತ್ತೇನೆ. ಆದರೆ ಅಷ್ಟು ದೂರ ಹಾರಲು ಪಾಠ ಹೇಳಿಸಿಕೊಂಡವನು ಮಂಜಿನ ಮೇಲೆ ನಡೆಯುವ ಪಾಠವನ್ನೂ ಹೇಳಿಸಿಕೊಳ್ಳಬಾರದಿತ್ತೇ!

ಅದೇ ಎವರೆಸ್ಟಿನ ಅದೇ ಉತ್ತರದ ಬದಿಯಿಂದ 1980ರ ಆಗಸ್ಟ್ 20ರಂದು ರೈನ್‌ಹೋಲ್ಡ್ ಮೆಸ್ನರ್ ಒಬ್ಬನೇ, ಆಮ್ಲಜನಕದ ಸಿಲಿಂಡರ್ ಇಲ್ಲದೆ ಶಿಖರ ಮುಟ್ಟಿದ. ‘ಮೆಸ್ನರ್ ಹೋಗಲಿಲ್ಲವೇ?’ ಎಂದು ನನ್ನನ್ನು ಒಬ್ಬರು ಕೇಳಿಯೂ ಆಗಿದೆ. ಹೋದ, ಐದನೆಯ ವಯಸ್ಸಿನಿಂದ ಆಲ್ಪ್ಸ್ ಹತ್ತುತ್ತಾ ಬಂದು ಮೂವತ್ತು ವರ್ಷದ ಮೇಲೆ ಹೋದ. ಎರಡು ವರ್ಷ ಮೊದಲು ಪೀಟರ್ ಹೇಬಲರ್ ಜೊತೆ ಸಿಲಿಂಡರ್ ಇಲ್ಲದೆ ಅದೇ ಶಿಖರ ಹತ್ತಿ, ದೇಹ ತಡೆಯುತ್ತದೆಯೇ ಎಂದು ನೋಡಿಕೊಂಡಿದ್ದ. ಅಷ್ಟಾಗಿಯೂ ಹೊರಟ ಮೊದಲ ರಾತ್ರಿಯೇ ಹಿಮದ ಬಿರುಕಿನೊಳಗೆ ಬಿದ್ದು, ಹೇಗೋ ಎದ್ದು ಬಂದ. ಅವನಿಗೆ ಒಂಟಿತನ ಕೊನೆಯ ಪಾಠವಾಗಿತ್ತು. ನಾವು ಅದನ್ನೇ ಅಕ್ಷರಾಭ್ಯಾಸ ಮಾಡಿಕೊಳ್ಳಲು ಹೊರಡುತ್ತೇವೆ.

ಇವರಿಬ್ಬರಿಗಿಂತ ನನ್ನ ಮನಸ್ಸಿಗೆ ಹತ್ತಿರವಾದವನು ಫ್ರಾಂಕ್ ಸ್ಮೈತ್. 1933ರಲ್ಲಿ ಎವರೆಸ್ಟಿನ ಮೇಲೆ, ಜೊತೆಗಾರ ಶಿಪ್ಟನ್ ಹಿಂದಿರುಗಿದ ಮೇಲೂ ಸ್ಮೈತ್ ಒಬ್ಬನೇ ಮುಂದುವರಿದ. 8,500 ಮೀಟರಿಗೂ ಮೇಲೆ ಯಾರೋ ಜೊತೆಯಲ್ಲಿ ನಡೆದು ಬರುತ್ತಿದ್ದಾರೆ ಎಂದು ಅವನಿಗೆ ಎಷ್ಟು ಗಟ್ಟಿಯಾಗಿ ಅನ್ನಿಸಿತೆಂದರೆ, ಜೇಬಿನಿಂದ ಪುದೀನ ಮಿಠಾಯಿ ತೆಗೆದು, ಅರ್ಧ ಮುರಿದು, ಪಕ್ಕದವನಿಗೆ ಕೊಡಲು ತಿರುಗಿದ. ಪಕ್ಕದಲ್ಲಿ ಯಾರೂ ಇರಲಿಲ್ಲ. ಸ್ಮೈತ್ ಶಿಖರ ಮುಟ್ಟಲಿಲ್ಲ, ಹಿಂದಿರುಗಿದ, ಬದುಕಿದ. ಮನುಷ್ಯನ ಮನಸ್ಸು ಆ ಎತ್ತರದಲ್ಲಿ ಜೊತೆಗಾರನಿಲ್ಲದಿದ್ದರೆ ಒಬ್ಬನನ್ನು ತಾನೇ ಮಾಡಿಕೊಳ್ಳುತ್ತದೆ. ನಮ್ಮ ಮನಸ್ಸಿಗೇ ಒಂಟಿಯಾಗಿ ಹೋಗುವುದು ಒಪ್ಪಿಗೆಯಿಲ್ಲ ಎಂದು ಇದರಿಂದ ತಿಳಿಯಬೇಕೇ? ನನಗಂತೂ ಹಾಗೆನ್ನಿಸುತ್ತದೆ.

ಹಾಗೆಂದು ಒಬ್ಬರೇ ನಡೆಯಬೇಡಿ ಎನ್ನುವ ಅಜ್ಜನ ಪಾತ್ರ ನನಗೆ ಬೇಡ. ಆ ಬೆಳಿಗ್ಗೆ ಐದೂವರೆಯಿಂದ ಒಂಬತ್ತರವರೆಗಿನ ಹೊತ್ತನ್ನು ನಾನು ಯಾವುದಕ್ಕೂ ಬಿಟ್ಟುಕೊಡಲಾರೆ. ಯಾರ ಹರಟೆಯೂ ಇಲ್ಲ, ಯಾರ ವೇಗಕ್ಕೂ ಓಡಬೇಕಿಲ್ಲ. ಹಿಂದಿನ ಕಾಲು ನೆಟ್ಟಗೆ ಮಾಡಿ ಅದರ ಮೇಲೆ ಭಾರ ಬಿಟ್ಟು ಒಂದು ಕ್ಷಣ ನಿಂತು ಮುಂದಿನ ಹೆಜ್ಜೆ ಇಡುವ ನಡಿಗೆಯನ್ನು ಅಲ್ಲೇ ಕಲಿತೆ. ಉಸಿರು ಮತ್ತು ಹೆಜ್ಜೆ ಒಂದೇ ತಾಳಕ್ಕೆ ಬಂದವು. ಕಲ್ಲಿನ ಮೇಲಿನ ಇಬ್ಬನಿ ಬಿಸಿಲಿಗೆ ಆವಿಯಾಗುವುದನ್ನು ನಿಂತು ನೋಡಿದೆ. ಜೊತೆಯಲ್ಲಿ ಇನ್ನೊಬ್ಬರು ಇದ್ದಿದ್ದರೆ ನಿಲ್ಲುತ್ತಿರಲಿಲ್ಲ. ಈ ಸುಖ 4,100 ಮೀಟರಿನದೇನೂ ಅಲ್ಲ, ಎಂಟು ನೂರು ಮೀಟರಿನ ಗುಡ್ಡದಲ್ಲೂ ಇಷ್ಟೇ ಸಿಗುತ್ತದೆ. ಅಲ್ಲಿ ದಾರಿ ತಪ್ಪಿದರೆ ತಡವಾಗಿ ಮನೆಗೆ ಹೋಗುತ್ತೀರಿ, ಅಷ್ಟೇ.

ಆದ್ದರಿಂದ ಆ ಮೂವರಿಗೆ ನನ್ನ ಉತ್ತರ: ಒಬ್ಬರೇ ಹೋಗಿ, ತಗ್ಗು ಗುಡ್ಡಕ್ಕೆ. ಎತ್ತರಕ್ಕೂ ಹೋಗಿ, ಬಲ್ಲವರ ಜೊತೆಗೆ. ಎರಡನ್ನೂ ಒಂದೇ ದಿನ ಮೊದಲ ಸಲ ಮಾಡಬೇಡಿ. ಕಿಲಿಮಂಜಾರೊದಲ್ಲಿ ಮಾರ್ಗದರ್ಶಕರಿಲ್ಲದೆ ಯಾರನ್ನೂ ಹತ್ತಲು ಬಿಡುವುದಿಲ್ಲ, ನೇಪಾಳವೂ 2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರಿಗೆ ಅಂಥದ್ದೇ ನಿಯಮ ತಂದಿದೆ. ‘ಇದೆಲ್ಲ ದುಡ್ಡಿಗಾಗಿ’ ಎಂದು ಗೊಣಗುವವರಲ್ಲಿ ಮೊನ್ನೆಯವರೆಗೆ ನಾನೂ ಇದ್ದೆ. ಸ್ವಲ್ಪ ಮಟ್ಟಿಗೆ ದುಡ್ಡಿಗಾಗಿಯೂ ಇದ್ದೀತು. ಆದರೆ ಆ ಮಾರ್ಗದರ್ಶಕ ನಿಮ್ಮ ಹೆಜ್ಜೆ ನೋಡುತ್ತಾನೆ.

ಇನ್ನೊಂದು ಮಾತು. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಗಾಬರಿಯಾಗಬೇಕು ಎಂಬುದನ್ನು ಒಬ್ಬರಿಗಾದರೂ ಹೇಳಿ ಹೋಗಿ. 2003ರಲ್ಲಿ ಅಮೆರಿಕದ ಯೂಟಾದಲ್ಲಿ ಏರನ್ ರಾಲ್‌ಸ್ಟನ್ ಯಾರಿಗೂ ಹೇಳದೆ ಕಮರಿಗೆ ಇಳಿದಿದ್ದ. ಉರುಳಿದ ಬಂಡೆಗೆ ಕೈ ಸಿಕ್ಕಿಕೊಂಡಿತು. ಹುಡುಕುವವರು ಬಾರದೆ, ಐದು ದಿನ ಕಳೆದ ಮೇಲೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ಅವನು ಹೊಸಬನೂ ಆಗಿರಲಿಲ್ಲ. ನಾನು ಅಕ್ಕನಿಗೆ ‘ಎರಡು ದಿನ ಸುತ್ತಾಡಿ ಬರುತ್ತೇನೆ’ ಎಂದಷ್ಟೇ ಹೇಳಿ ಹೋಗಿದ್ದೆ.

ಆ ಅಕ್ಕನ ಮನೆಗೆ ಮೊನ್ನೆ ಭಾನುವಾರ ಹೋಗಿದ್ದೆ, ಬ್ಯಾಗ್ ಸಮೇತ. ಅವಳ ಆರು ವರ್ಷದ ಮಗಳು ಬ್ಯಾಗಿನ ಪಟ್ಟಿ, ಜಿಪ್ಪು, ಬಕಲ್ ಎಲ್ಲವನ್ನೂ ಜಗ್ಗಿ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಕಿವಿ ಹರಿದು ಹೋಗುವಂಥ ಸದ್ದು. ‘ಮಾಮ, ಇದರಲ್ಲಿ ಪೀಪಿ ಇದೆ!’ ಎದೆಯ ಮೇಲೆ ಕೂರುವ ಪಟ್ಟಿಯ ಬಕಲ್ಲಿನಲ್ಲೇ ಒಂದು ಸೀಟಿ ಅಡಗಿತ್ತು. ಆಲ್ಪ್ಸ್ ಕಡೆಯಿಂದ ಬಂದ ಸಂಕೇತವಿದೆ, ನಿಮಿಷಕ್ಕೆ ಆರು ಸಲ ಸೀಟಿ, ಒಂದು ನಿಮಿಷ ವಿರಾಮ, ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರಿಸಬೇಕು. ಇದನ್ನೂ ನಾನು ಓದಿದ್ದೆ. ಗಂಟಲು ಹರಿಯುವಂತೆ ಕೂಗುತ್ತಿದ್ದಾಗ ಆ ಸೀಟಿ ನನ್ನ ಗಲ್ಲದಿಂದ ಒಂದು ಗೇಣು ಕೆಳಗಿತ್ತು.

ಮಗು ಊದುತ್ತಲೇ ಇತ್ತು. ನಾನು ಸುಮ್ಮನೆ ಎಣಿಸುತ್ತಾ ಕುಳಿತೆ. ಆರನೆಯದಕ್ಕೆ ಅಡುಗೆಮನೆಯಿಂದ ಅಕ್ಕನ ದನಿ ಬಂತು: ‘ಸಾಕು, ಇನ್ನು ನಿಲ್ಲಿಸು.’