ಬಾಳೆಗೆ ಚೇಗಿಲ್ಲ, ಸರಿ. ಆಮೇಲೆ?

ಬುಧವಾರ ಸಂಜೆಯಿಂದ ಹೊಟ್ಟೆಯೊಳಗೆ ಕುದೀತಾ ಇದೆ. ಬರೆದು ಹಾಕಿಬಿಟ್ಟರೆ ಇವತ್ತಾದರೂ ನಿದ್ದೆ ಬರಬಹುದು. ಉದ್ದ ಆಗುತ್ತೆ, ಬೇಡದವರು ದಾಟಿಕೊಂಡು ಹೋಗಿ.

ನನ್ನ ಗೆಳತಿಯ ವಿಷಯ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಒಂದೇ ಶಾಲೆಯಲ್ಲಿ 26 ವರ್ಷ, ನಾನು ಲೆಕ್ಕ, ಅವಳು ವಿಜ್ಞಾನ. ಕಳೆದ ತಿಂಗಳು ಅವಳ ಯಜಮಾನರು ಬೆಳಗ್ಗೆ ಪೇಪರ್ ಓದುತ್ತಾ ಕೂತವರು ಹಾಗೇ ಹೋಗಿಬಿಟ್ಟರು. ತಿಥಿ ಮುಗೀತು, ನೆಂಟರು ಹೊರಟರು, ಮಗಳು ಪುಣೆಗೆ ವಾಪಸ್ ಹೋದಳು. ನಿಜವಾದ ಕಷ್ಟ ಶುರುವಾಗೋದು ಆಮೇಲೆ. ಅದಕ್ಕೇ ದಿನಾ ಸಂಜೆ ಹೋಗಿ ಕೂತಿರ್ತೀನಿ. ಮಾತೇನೂ ಇರಲ್ಲ. ಅವಳು ಅಳ್ತಾಳೆ, ನಾನು ಸೊಪ್ಪು ಬಿಡಿಸ್ತೀನಿ.

ಬುಧವಾರ ಅವರ ಕಡೆಯ ಒಬ್ಬ ಬಂದ. ವರಸೆಯಲ್ಲಿ ಮೈದುನ ಆಗಬೇಕು. ಬೆಂಗಳೂರಲ್ಲಿ ದೊಡ್ಡ ಕೆಲಸ. ತಿಥಿಗೆ ಬರೋಕೆ ಆಗಲಿಲ್ಲವಂತೆ, ಯಾವುದೋ ಧ್ಯಾನ ಶಿಬಿರದಲ್ಲಿ ಹತ್ತು ದಿನ ಮೌನವಾಗಿದ್ದನಂತೆ. (ಆ ಮೌನವನ್ನ ಇನ್ನೊಂದು ಹದಿನೈದು ದಿನ ಮುಂದುವರಿಸಿದ್ದರೆ ಯಾರಿಗೇನು ನಷ್ಟ ಆಗ್ತಿತ್ತು?) ಅವಳು ಎದ್ದು ಹೋಗಿ ಕಾಫಿ ಮಾಡಿ ತಂದಳು. ಲೋಟ ಕೈಗೆ ಕೊಡುವಾಗ ಕಣ್ಣಲ್ಲಿ ನೀರು ಬಂತು, ಬಂದೇ ಬರುತ್ತೆ, ಅವನ ಮುಖದಲ್ಲಿ ಸತ್ತವರ ಹೋಲಿಕೆ ಇದೆ. ಅದಕ್ಕೆ ಆ ಮಹಾರಾಯ ಬೆನ್ನು ನೆಟ್ಟಗೆ ಮಾಡಿಕೊಂಡು, ತಣ್ಣಗಿನ ದನಿಯಲ್ಲಿ, "ಅತ್ತಿಗೆ, ಅಳಬೇಡಿ. ಇದೆಲ್ಲ ಭ್ರಮೆ. ಬುದ್ಧ ಹೇಳಿದ್ದೇ ಇದು. ನಿಜ ಹೇಳಬೇಕಂದ್ರೆ ಅಣ್ಣ ಅಂತ ಒಬ್ಬರು ಇರಲೇ ಇಲ್ಲ. ಅದು ಅರ್ಥ ಆದರೆ ಶಾಂತಿ ತಾನಾಗೇ ಸಿಗುತ್ತೆ" ಅಂದ.

ಗೆಳತಿ ಸೆರಗಿನಲ್ಲಿ ಕಣ್ಣು ಒತ್ತಿಕೊಂಡು "ಸಾರಿ ಕಣಪ್ಪ" ಅಂದಳು.

ಸಾರಿ! ಗಂಡ ಸತ್ತು ಇನ್ನೂ ತಿಂಗಳು ತುಂಬಿಲ್ಲ, ಅತ್ತಿದ್ದಕ್ಕೆ ಕ್ಷಮೆ ಕೇಳಿದಳು. ತನ್ನ ಮನೆಯಲ್ಲಿ, ತನ್ನ ಸೋಫಾ ಮೇಲೆ.

ಆಮೇಲೆ ಅವನು ಒಂದು ಗುಟುಕು ಕುಡಿದು, ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು ಅಂದ. ಅಣ್ಣ ಭ್ರಮೆ, ಸಕ್ಕರೆ ಮಾತ್ರ ಪರಮಸತ್ಯ.

ನಾನು ಏನೂ ಅನ್ನಲಿಲ್ಲ. 34 ವರ್ಷ ಮಕ್ಕಳ ಮುಂದೆ ಗಂಟಲು ಹರಿದುಕೊಂಡವಳಿಗೆ ಅಲ್ಲಿ ಬಾಯೇ ಬರಲಿಲ್ಲ. ಅದಕ್ಕೇ ಈ ಪೋಸ್ಟು.

ನಾನು ಬೌದ್ಧಳಲ್ಲ. ರಿಟೈರ್ ಆದಮೇಲೆ ಪಾಲಿ, ಅಂದರೆ ಬುದ್ಧನ ಮಾತುಗಳು ಉಳಿದಿರೋ ಹಳೇ ಭಾಷೆ, ಕಲಿಯೋ ಹುಚ್ಚು ಹತ್ತಿದ್ದು, ಮನೆಯವರೆಲ್ಲ ನಕ್ಕಿದ್ದು, ಆ ಕಥೆ ಇಲ್ಲೇ ಹಲವು ಸಲ ಹೇಳಿದೀನಿ. ಪಂಡಿತಳೂ ಅಲ್ಲ. ಆದರೆ "ಬುದ್ಧ ಹೇಳಿದ್ದೇ ಇದು" ಅಂತ ಯಾರಾದರೂ ಅಂದರೆ, ಎಲ್ಲಿ ಹೇಳಿದ್ದಾನೆ ತೋರಿಸಪ್ಪ ಅನ್ನೋವಷ್ಟು ಧೈರ್ಯ ಬಂದಿದೆ. ಲೆಕ್ಕದವರ ಚಾಳಿ. ಹಂತ ಬರೆಯದೆ ಉತ್ತರ ಮಾತ್ರ ಬರೆದರೆ ನಾನು ಅಂಕ ಕೊಡ್ತಿರಲಿಲ್ಲ.

ಹತ್ತಿರದ ಮಾತು ಒಂದಿದೆ, ಅದನ್ನ ಮುಚ್ಚಿಡಲ್ಲ. ಸಂಯುತ್ತ ನಿಕಾಯ ಅನ್ನೋ ಪಾಲಿ ಸಂಗ್ರಹದ ಫೇಣ ಸುತ್ತ. ಸುತ್ತ ಅಂದರೆ ಬುದ್ಧನ ಉಪದೇಶ. ಫೇಣ ಅಂದರೆ ನೊರೆ. ಬುದ್ಧ ಗಂಗೆಯ ದಡದಲ್ಲಿದ್ದಾಗ ಹೇಳಿದ್ದು. ಈ ದೇಹ ಹೊಳೆಯಲ್ಲಿ ತೇಲಿ ಬರೋ ನೊರೆಮುದ್ದೆಯ ಹಾಗೆ, ಸುಖದುಃಖದ ಅನುಭವ ಮಳೆಹನಿ ಬಿದ್ದಲ್ಲಿ ಏಳೋ ಗುಳ್ಳೆಯ ಹಾಗೆ, ನಾವು ಗುರುತಿಸೋದೆಲ್ಲ ಬೇಸಿಗೆ ಮಧ್ಯಾಹ್ನದ ಬಿಸಿಲ್ಗುದುರೆ, ಅರಿವು ನಾಲ್ಕು ದಾರಿ ಕೂಡೋ ಕಡೆ ಮಾಯಗಾರ ತೋರಿಸೋ ಆಟ. ಇನ್ನು ಮನಸ್ಸು ಕಟ್ಟಿಕೊಳ್ಳೋ ಸಂಸ್ಕಾರಗಳಿಗೆ ಕೊಟ್ಟ ಹೋಲಿಕೆ ಬಾಳೆಗಿಡ. ಚೇಗು, ಅಂದರೆ ಮರದೊಳಗಿನ ಗಟ್ಟಿ ತಿರುಳು, ಬೇಕು ಅಂತ ಒಬ್ಬ ಹರಿತವಾದ ಕೊಡಲಿ ಹಿಡಿದು ಕಾಡಿಗೆ ಹೋಗ್ತಾನೆ. ನೆಟ್ಟಗೆ ಬೆಳೆದ ದೊಡ್ಡ ಬಾಳೆ ಕಾಣುತ್ತೆ. ಬುಡ ಕಡಿದು, ತುದಿ ಕಡಿದು, ಪಟ್ಟೆ ಪಟ್ಟೆ ಬಿಡಿಸ್ತಾ ಹೋದರೆ ಚೇಗು ಹಾಗಿರಲಿ, ಹೊರಗಿನ ಮೆದು ಮರವೂ ಸಿಗಲ್ಲ.

ಚೇಗಿಗೆ ಪಾಲಿಯಲ್ಲಿ ಸಾರ ಅಂತಾರೆ. ನಿಸ್ಸಾರ ಅನ್ನೋ ನಮ್ಮ ಮಾತಿನೊಳಗೆ ಇರೋದು ಅದೇ. ಮೊದಲ ಸಲ ಇದನ್ನ ಓದಿದ ದಿನ ನನಗೆ ನಗು ತಡೆಯೋಕೆ ಆಗಿರಲಿಲ್ಲ, ಯಾಕೆಂದರೆ ಬೆಳಗ್ಗೆ ತಾನೇ ಬಾಳೆದಿಂಡು ಹೆಚ್ಚಿದ್ದೆ. ನಿಮಗೂ ಗೊತ್ತಲ್ಲ ಆ ಕೆಲಸ. ಪಟ್ಟೆ ಸುಲಿ, ಇನ್ನೊಂದು ಸುಲಿ, ಬಿಲ್ಲೆ ಮಾಡು, ಬೆರಳಿಗೆ ನಾರು ಸುತ್ತಿ ತೆಗಿ, ಕಪ್ಪಾಗದ ಹಾಗೆ ಮಜ್ಜಿಗೆ ನೀರಿಗೆ ಹಾಕು. ಕೊಡಲಿ ಹಿಡಿದು ಹೋದ ಆ ಮನುಷ್ಯ ಬರಿಗೈಲಿ ವಾಪಸ್ ಬಂದಿರಬಹುದು, ಅವನಿಗೆ ಬೇಕಿದ್ದದ್ದು ತೊಲೆ. ನಮ್ಮಮ್ಮ ಅಲ್ಲಿದ್ದಿದ್ದರೆ ದಿಂಡು ಎತ್ತಿಕೊಂಡು ಬಂದು ಪಲ್ಯ ಮಾಡ್ತಿದ್ದರು.

ಸುತ್ತ ಹೇಳೋದು ಬಾಳೆಗೆ ಚೇಗಿಲ್ಲ ಅಂತ. ಬಾಳೆಯೇ ಇಲ್ಲ ಅಂತ ಎಲ್ಲಿ ಹೇಳ್ತು? ನೊರೆ ಇದೆ, ಹೊಳೆಯೂ ಇದೆ. ಹಿಡಿದು ಗಂಟು ಕಟ್ಟಿಡೋಕೆ ಆಗಲ್ಲ, ಅಷ್ಟೇ. "ಅಣ್ಣ ಶಾಶ್ವತ ಅಲ್ಲ" ಅನ್ನೋದಕ್ಕೂ "ಅಣ್ಣ ಇರಲೇ ಇಲ್ಲ" ಅನ್ನೋದಕ್ಕೂ ವ್ಯತ್ಯಾಸ ಗೊತ್ತಾಗದವನು ನನ್ನ ಗೆಳತಿಯ ಕೈಲಿ ಸಾರಿ ಹೇಳಿಸಿ ಹೋದ.

ಇನ್ನು ಅನಾತ್ಮದ ವಿಷಯ, ಯಾವುದನ್ನೂ ನಾನು, ನನ್ನ ಆತ್ಮ ಅಂತ ಹಿಡಿಯೋ ಹಾಗಿಲ್ಲ ಅನ್ನೋ ಬೋಧನೆ. ವಚ್ಛಗೊತ್ತ ಅಂತ ಒಬ್ಬ ಪರಿವ್ರಾಜಕ, ಊರೂರು ಅಲೆಯೋ ಸನ್ಯಾಸಿ, ಬಂದು, ಆತ್ಮ ಇದೆಯಾ ಅಂತ ಬುದ್ಧನನ್ನೇ ಕೇಳಿದ. ಬುದ್ಧ ಸುಮ್ಮನಿದ್ದ. ಹಾಗಾದರೆ ಇಲ್ಲವಾ ಅಂದ. ಆಗಲೂ ಸುಮ್ಮನಿದ್ದ. ಅವನು ಎದ್ದು ಹೋದಮೇಲೆ ಶಿಷ್ಯ ಆನಂದ ಕೇಳ್ತಾನೆ, ಯಾಕೆ ಉತ್ತರ ಕೊಡಲಿಲ್ಲ ಅಂತ. ಬುದ್ಧ ಕೊಟ್ಟ ಕಾರಣಗಳಲ್ಲಿ ಒಂದು ಇದು: ಇಲ್ಲ ಅಂದಿದ್ದರೆ, ಮೊದಲೇ ಗಲಿಬಿಲಿಯಲ್ಲಿದ್ದವನು ಮೊದಲು ನನಗೊಂದು ಆತ್ಮ ಇತ್ತು, ಈಗ ಅದೂ ಹೋಯಿತಲ್ಲ ಅಂತ ಇನ್ನಷ್ಟು ಕಂಗಾಲಾಗ್ತಿದ್ದ. ನೋಡಿ, ಅನಾತ್ಮ ಬೋಧಿಸಿದವನೇ ಎದುರಿಗಿದ್ದವನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ನಮ್ಮ ಶಿಬಿರವೀರನಿಗೆ ಎದುರಿಗಿದ್ದವಳ ಮುಖ ಕಾಣಲಿಲ್ಲ, ಕಾಫಿ ಕಂಡಿತು.

ಕಿಸಾಗೋತಮಿಯ ಕಥೆ ಶಾಲೆಯಲ್ಲಿ ನಾವೆಲ್ಲ ಓದಿದ್ದೇ. ಸತ್ತ ಮಗುವನ್ನ ಎತ್ತಿಕೊಂಡು ಬಂದವಳಿಗೆ ಬುದ್ಧ "ಮಗು ಭ್ರಮೆ ತಾಯಿ" ಅಂತ ಹೇಳಿದನಾ? ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂದ. ಸಾವಿಲ್ಲದ ಮನೆ ಇಲ್ಲ ಅನ್ನೋದು ಅವನಿಗೆ ಮೊದಲೇ ಗೊತ್ತಿತ್ತು, ಎರಡು ವಾಕ್ಯದಲ್ಲಿ ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ, ನಡೆಯೋಕೆ ಬಿಟ್ಟ. ಒಂದೊಂದು ಬಾಗಿಲಲ್ಲೂ ಯಾರೋ ಒಬ್ಬರು ತಮ್ಮ ಮನೆಯ ಸಾವಿನ ಸುದ್ದಿ ಹೇಳಿರಬೇಕಲ್ಲ ಅವಳಿಗೆ, ಹೊಸಿಲ ಮೇಲೆ ನಿಂತು. ನನಗೆ ಆ ಕಥೆಯಲ್ಲಿ ಬುದ್ಧನಿಗಿಂತ ಆ ಹೆಂಗಸರೇ ಹೆಚ್ಚು ಕಾಣ್ತಾರೆ.

ಈ ಪುರಾಣವನ್ನೆಲ್ಲ ಗುರುವಾರ ಒಬ್ಬ ಸ್ನೇಹಿತರ ಹತ್ತಿರ ಫೋನಲ್ಲಿ ಕಾರಿಕೊಂಡೆ. ಓದಿದವರು, ಸಮಾಧಾನಿ. "ಅವನು ಒಳ್ಳೆ ಮನಸ್ಸಿಂದ ಹೇಳಿರಬಹುದು ಮೇಡಂ. ಅಲ್ಲದೆ ನೀವು ಪಾಲಿ ಮಾತ್ರ ಹಿಡ್ಕೊಂಡಿದ್ದೀರಿ. ಬೌದ್ಧರ ಇನ್ನೊಂದು ಪಂಥ ಮಹಾಯಾನದಲ್ಲಿ ಎಲ್ಲ ಕನಸಿನ ಹಾಗೆ, ಮಿಂಚಿನ ಹಾಗೆ ಅಂತ ವಜ್ರಚ್ಛೇದಿಕಾ ಸೂತ್ರದ ಕೊನೆಯಲ್ಲೇ ಇದೆ. ನಾಗಾರ್ಜುನ ಎಲ್ಲವೂ ಶೂನ್ಯ ಅಂದಿಲ್ವಾ?" ಅಂದರು.

ಒಳ್ಳೆ ಮನಸ್ಸು. ಒಳ್ಳೆ ಮನಸ್ಸಿಂದ ಕಾಲು ತುಳಿದರೆ ನೋವಾಗಲ್ವೇನೋ.

ಮಹಾಯಾನದ ದೊಡ್ಡ ದಾರ್ಶನಿಕ ನಾಗಾರ್ಜುನನಿಗೆ ಬರೋಣ. ಇದೇ ಆಕ್ಷೇಪ ಅವನ ಕಾಲದಲ್ಲೂ ಇತ್ತು. ಎಲ್ಲ ಶೂನ್ಯ ಆದರೆ ದುಃಖವೂ ಇಲ್ಲ, ದುಃಖ ಕಳೆಯೋ ದಾರಿಯೂ ಇಲ್ಲ, ನಾಲ್ಕು ಆರ್ಯಸತ್ಯಗಳನ್ನೇ ಮುಳುಗಿಸಿದೆಯಲ್ಲಯ್ಯ ಅಂತ ಎದುರಾಳಿ ಕೇಳ್ತಾನೆ. ನಾಗಾರ್ಜುನ ಬರೆದ ಮೂಲಮಧ್ಯಮಕಕಾರಿಕೆಯ 24ನೇ ಅಧ್ಯಾಯ ಇರೋದೇ ಅದಕ್ಕೆ ಉತ್ತರವಾಗಿ. ಶೂನ್ಯತೆ ಅಂದರೆ ನಿನಗೆ ತಿಳಿದಿಲ್ಲ ಅಂತ ಶುರು ಮಾಡ್ತಾನೆ. ಒಂದು ಇನ್ನೊಂದನ್ನ ಆತುಕೊಂಡು ಹುಟ್ಟುತ್ತೆ, ತನ್ನಷ್ಟಕ್ಕೆ ತಾನೇ ನಿಂತ ಚೇಗು ಯಾವುದರಲ್ಲೂ ಇಲ್ಲ, ಅದನ್ನೇ ನಾನು ಶೂನ್ಯತೆ ಅನ್ನೋದು ಅಂತಾನೆ. ಹಾಗೆ ಇಲ್ಲದಿರೋದರಿಂದಲೇ ಬದಲಾವಣೆ ಸಾಧ್ಯ, ದುಃಖ ಹುಟ್ಟೋದೂ ಕಳೆಯೋದೂ ಸಾಧ್ಯ. ವ್ಯವಹಾರದ, ಅಂದರೆ ದಿನನಿತ್ಯದ ಬದುಕಿನ ಸತ್ಯವನ್ನ ಒದ್ದು ಪರಮಾರ್ಥಕ್ಕೆ ಹಾರೋ ಹಾಗಿಲ್ಲ ಅಂತಲೂ ಅಲ್ಲೇ ಹೇಳಿದ್ದಾನೆ. ಶೂನ್ಯತೆಯನ್ನ ತಪ್ಪಾಗಿ ತಿಳಿದರೆ ಮಂದಬುದ್ಧಿಯವನು ಹಾಳಾಗ್ತಾನೆ, ಹಿಡಿಯೋಕೆ ಬಾರದೆ ಹಾವು ಹಿಡಿದವನ ಹಾಗೆ ಅಂತ ಎಚ್ಚರಿಕೆ ಬೇರೆ. ಹಾವು ಹಿಡಿದವನು ತಾನು ಕಚ್ಚಿಸಿಕೊಂಡರೆ ಅವನ ಹಣೆಬರಹ. ಇವನು ತಂದು ಪಕ್ಕದವಳ ಮಡಿಲಿಗೆ ಹಾಕಿದನಲ್ಲ.

ಶೂನ್ಯ ಅನ್ನೋದೇ ನಮ್ಮ ಬಾಯಲ್ಲಿ ಸೊನ್ನೆ ಆಗಿದ್ದು. ಸೊನ್ನೆ ಅಂದರೆ ಏನೂ ಇಲ್ಲ ಅಂದುಕೊಂಡ ಹುಡುಗ 205 ಬರಿ ಅಂದರೆ 25 ಬರೀತಾನೆ. ಅಂಥವರನ್ನ ಸಾವಿರ ಜನ ನೋಡಿದೀನಿ. ಅವರಿಗೆ ಸ್ಥಾನಬೆಲೆ ಹೇಳಿಕೊಡಬೇಕು. ಸೊನ್ನೆ ಇರೋ ಜಾಗ ಖಾಲಿ, ಆದರೆ ಆ ಖಾಲಿ ಜಾಗ ಅಲ್ಲಿ ಇದ್ದರೇನೇ ಎರಡು ಇನ್ನೂರಾಗೋದು.

ಇಲ್ಲಿಂದ ಎರಡು ಗಂಟೆ ಬಸ್ಸು, ಟಿಬೆಟಿಯನ್ನರು ನೆಲೆಸಿರೋ ಬೈಲಕುಪ್ಪೆ. ಹೋಗಿ ನೋಡಿ ಬನ್ನಿ, ಗೋಲ್ಡನ್ ಟೆಂಪಲ್ ಮುಂದೆ ಸೆಲ್ಫಿ ಹೊಡ್ಕೊಂಡು ಮೋಮೋ ತಿಂದು ಬರೋಕಲ್ಲ. ಸೆರಾ ಮಠದಲ್ಲಿ ಭಿಕ್ಷುಗಳು ವಾದ ಮಾಡೋದನ್ನ ನೋಡಿ. ಕೂತವನು ಉತ್ತರ ಕೊಡಬೇಕು, ನಿಂತವನು ಫಟ್ ಅಂತ ಚಪ್ಪಾಳೆ ತಟ್ಟಿ ಪ್ರಶ್ನೆ ಹಾಕ್ತಾನೆ. ಅವರು ಓದೋದು ಇದೇ ನಾಗಾರ್ಜುನನ ಶೂನ್ಯತೆ. ಗೆಶೆ, ಅಂದರೆ ಅವರಲ್ಲಿ ದೊಡ್ಡ ಪಂಡಿತ, ಅನ್ನಿಸಿಕೊಳ್ಳೋಕೆ 15-20 ವರ್ಷ ಹಿಡಿಯುತ್ತೆ. ನಮ್ಮವನಿಗೆ ಹತ್ತು ದಿನ ಸಾಕಾಯ್ತು, ಜಾಣ. ಅದೇ ಟಿಬೆಟಿಯನ್ನರು 1960ರ ದಶಕದಲ್ಲಿ ಕಾಡು ಕಡಿದು ಮೆಕ್ಕೆಜೋಳ ಬೆಳೆದವರು. ಕಳೆದುಕೊಂಡ ದೇಶದ ನೆನಪಿಗೆ ಇವತ್ತಿಗೂ ಪ್ರತಿ ವರ್ಷ ಮಾರ್ಚ್ 10ರಂದು ಸೇರ್ತಾರೆ. ದೇಶವೂ ಶೂನ್ಯ, ಲಾಸಾ ಅಂತ ಒಂದು ಊರು ಇರಲೇ ಇಲ್ಲ ಅಂತ ಅವರ ಹತ್ತಿರ ಹೋಗಿ ಹೇಳಲಿ ನೋಡೋಣ ಇವನು.

ಸಿಟ್ಟು ಇಷ್ಟು ಯಾಕೆ ಬಂತು ಅಂತ ನನ್ನನ್ನೇ ಕೇಳಿಕೊಂಡೆ. ಉತ್ತರ ಗೊತ್ತಿತ್ತು, ಬರೆಯೋಕೆ ನಾಚಿಕೆ. ಅಪ್ಪ ಹೋದಾಗ ನಾನೂ ಇದನ್ನೇ ಮಾಡಿದೀನಿ. ಆಗ ಪಾಲಿ ಗೀಲಿ ಇಲ್ಲ, ಎರಡು ಪುಸ್ತಕ ಓದಿದ್ದೆ, ಅಷ್ಟೇ. ಅಮ್ಮ ಗೋಡೆಗೆ ಒರಗಿ ಕೂತಿದ್ದರು. "ಎಲ್ಲ ಅನಿತ್ಯ ಅಮ್ಮ, ಅಳೋದರಿಂದ ಏನು ಬಂತು" ಅಂದೆ. ನನ್ನ ದನಿಯೂ ತಣ್ಣಗೇ ಇತ್ತು, ಚೆನ್ನಾಗಿ ನೆನಪಿದೆ. ಅಮ್ಮ ನನ್ನನ್ನ ಒಂದು ಗಳಿಗೆ ನೋಡಿ, "ಅನಿತ್ಯ ಸರಿ. ನಿಮ್ಮಪ್ಪನ ಮಾತ್ರೆ ಇನ್ನೂ ಎರಡು ಪಟ್ಟಿ ಉಳಿದಿದೆ, ಮೆಡಿಕಲ್ ಶಾಪಿನವನು ವಾಪಸ್ ತಗೋತಾನಾ ಕೇಳು" ಅಂದರು. ತಗೊಳ್ಳಲಿಲ್ಲ. ನಾನು ಹಾಗೆ ಹೇಳಿದ್ದು ಅಮ್ಮನ ಶಾಂತಿಗಲ್ಲ. ಅವರ ಅಳು ಕೇಳೋಕೆ ನನಗೆ ಆಗ್ತಿರಲಿಲ್ಲ, ನಿಂತರೆ ಸಾಕಿತ್ತು. ಆ ಹುಡುಗನೂ ಅಷ್ಟೇ ಇರಬೇಕು, ಹೆದರಿದ್ದ. ಇಷ್ಟು ಬರೆದಮೇಲೂ ಸಿಟ್ಟು ಹೋಗಿಲ್ಲ, ಅದು ಬೇರೆ ಮಾತು.

ನಿನ್ನೆ ರಾತ್ರಿ ನಿದ್ದೆ ಬರದೆ ಸಂಯುತ್ತ ನಿಕಾಯ ತಿರುವಿ ಹಾಕ್ತಾ ಇದ್ದೆ. ಉಕ್ಕಚೇಲ ಸುತ್ತ ಸಿಕ್ಕಿತು. ಇದೂ ಗಂಗೆಯ ದಡವೇ, ವಜ್ಜಿಗಳ ನಾಡು. ಸಾರಿಪುತ್ತ, ಮೊಗ್ಗಲ್ಲಾನ ಇಬ್ಬರೂ ತೀರಿಕೊಂಡು ಹೆಚ್ಚು ದಿನ ಆಗಿಲ್ಲ. ಬುದ್ಧನ ಎರಡು ಕೈ ಇದ್ದ ಹಾಗೆ ಇದ್ದ ಶಿಷ್ಯರು. ಬಯಲಲ್ಲಿ ಭಿಕ್ಷುಗಳು ಕೂತಿದ್ದಾರೆ. ಬುದ್ಧ ಸುಮ್ಮನೆ ಕೂತಿರೋ ಆ ಸಂಘವನ್ನ ಒಂದು ಸಲ ನೋಡಿ ಹೇಳ್ತಾನೆ, ಅವರಿಬ್ಬರೂ ಹೋದಮೇಲೆ ಈ ಸಭೆ ನನಗೆ ಶೂನ್ಯವಾದ ಹಾಗೆ ಕಾಣುತ್ತೆ ಅಂತ. ಪರಿಸಾ ಸುಞ್ಞಾ ವಿಯ ಖಾಯತಿ. ಸುಞ್ಞಾ. ಅದೇ ಪದ. ದೊಡ್ಡ ದೊಡ್ಡ ಗ್ರಂಥಗಳೆಲ್ಲ ಯಾವ ಪದದ ಮೇಲೆ ನಿಂತಿವೆಯೋ ಆ ಪದವನ್ನ ಆ ಮುದುಕ ಅವತ್ತು ಬಳಸಿದ್ದು ಇಬ್ಬರು ಇಲ್ಲದ ಜಾಗ ತೋರಿಸೋಕೆ.

ಮುಂದೆ ತಥಾಗತನಿಗೆ, ಅಂದರೆ ಬುದ್ಧನಿಗೆ, ಶೋಕ ಇಲ್ಲ ಅಂತಲೂ ಇದೆ, ಸ್ನೇಹಿತರು ಎತ್ತಿ ಹೇಳೋ ಮೊದಲೇ ನಾನೇ ಹೇಳಿಬಿಡ್ತೀನಿ. ಶೋಕ ಇಲ್ಲದಿರಬಹುದು. ಆದರೆ ಅವರಿಬ್ಬರು ಇರಲೇ ಇಲ್ಲ ಅಂತ ಅವನು ಅನ್ನಲಿಲ್ಲ. ಅವರ ಸಾವಿಗೆ ಅವನು ಕೊಟ್ಟ ಹೋಲಿಕೆ ಬಾಳೆಯದ್ದಲ್ಲ. ಚೇಗು ಗಟ್ಟಿಯಿರೋ ದೊಡ್ಡ ಮರ, ಅದರ ದೊಡ್ಡ ಕೊಂಬೆಗಳು ಮುರಿದು ಬಿದ್ದ ಹಾಗೆ ಅಂದ.

ಬೆಳಗ್ಗೆ ಏಳಕ್ಕೇ ಗೆಳತಿಗೆ ಫೋನ್ ಮಾಡಿ ಅಷ್ಟನ್ನೂ ಓದಿ ಹೇಳಿದೆ, ಪಾಲಿ ಸಮೇತ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಲೈನ್ ಕಟ್ ಆಯ್ತೇನೋ ಅಂದುಕೊಂಡೆ.

"ಸಭೆ ಶೂನ್ಯ ಅಂದನಾ?"

"ಹ್ಞೂಂ. ಹಾಗೆ ಕಾಣುತ್ತೆ ಅಂದ."

"ಎಲ್ರೂ ಕೂತಿದ್ರೂನಾ?"

"ಎಲ್ರೂ ಕೂತಿದ್ರೂ."

ಮತ್ತೆ ಸುಮ್ಮನಾದಳು. ಆಮೇಲೆ ಮೂಗು ಸೀಟಿಕೊಂಡು, "ಸಂಜೆ ಬರ್ತೀಯಲ್ಲ, ಬರುವಾಗ ಒಂದು ಲೋಟ ಮೊಸರು ತಗೊಂಡು ಬಾರೆ. ಹೆಪ್ಪಿಗೂ ಇಲ್ಲ ಮನೇಲಿ" ಅಂದಳು.