ಒಣಗಿದ ಜಾಗ

ಮೊನ್ನೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಜೊತೆ ಬೂಟು ತಗೊಂಡೆ. ಅಪ್ಪಟ ಚರ್ಮದ್ದು. ಅಂಗಡಿ ಹುಡುಗ ಬಿಲ್ಲು ಹರಿದು ಕೊಡುತ್ತಾ, "ಒಣಗಿದ ಜಾಗದಲ್ಲಿ ಇಡಿ ಸಾರ್, ಹತ್ತು ವರ್ಷ ಬರತ್ತೆ" ಎಂದ.

ಒಣಗಿದ ಜಾಗ! ಪುನರ್ವಸು ಮಳೆ ಹೊಯ್ಯುತ್ತಿದೆ. ನಮ್ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುತ್ತದೆ. ನಮ್ಮ ಪಾಲೂ ಕಮ್ಮಿಯೇನಲ್ಲ. ಉಪ್ಪಿನ ಭರಣಿಯಲ್ಲಿ ನೀರು ನಿಂತಿದೆ. ಗೂಟಕ್ಕೆ ನೇತು ಹಾಕಿದ ಬೆಲ್ಟಿಗೆ ಎಂಟೇ ದಿನದಲ್ಲಿ ಹಸಿರು ಬೂಷ್ಟು. ಮನೆಯಲ್ಲಿ ಒಣಗಿದ ಜಾಗ ಅಂತಿದ್ದರೆ ಬಚ್ಚಲ ಒಲೆಯ ಮೇಲಿನ ಗಳ ಒಂದೇ. ಅಲ್ಲಿ ಮಗಳ ಯೂನಿಫಾರ್ಮಿಗೇ ಪಾಳಿ ಸಿಗುವುದಿಲ್ಲ. ಸಿಕ್ಕರೂ ಬೆಂಕಿಯ ಶಾಖಕ್ಕೆ ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ.

ಬೆಂಗಳೂರಿನ ಭಾವಮೈದುನ ಫೋನಿನಲ್ಲಿ, "ಸಿಲಿಕಾ ಜೆಲ್ ಪೊಟ್ಟಣ ಹಾಕಿ ಭಾವ" ಎಂದ. ಬೆರಳುದ್ದದ ಪೊಟ್ಟಣ ನಮ್ಮ ಮಳೆಯನ್ನು ಕುಡಿಯುತ್ತದಂತೆ! ಇವನನ್ನೇ ಒಂದು ವಾರ ನಮ್ಮ ಹಿತ್ತಲಲ್ಲಿ ನಿಲ್ಲಿಸಬೇಕು.

ಬೂಟು ಜೋಪಾನ ಮಾಡುವುದರಲ್ಲಿ ನಮ್ಮ ದೊಡ್ಡಪ್ಪನನ್ನು ಮೀರಿಸಿದವರಿಲ್ಲ. ತೋಟಕ್ಕೆ ಬರಿಗಾಲು, ಪೇಟೆಗೆ ಹವಾಯಿ. ಬೂಟೇನಿದ್ದರೂ ಮದುವೆಗೆ ಮಾತ್ರ. ಹಾಕಿ ಬಂದ ಕೂಡಲೇ ಹಳೇ ಪಂಚೆಯಲ್ಲಿ ಒರೆಸಿ, ಒಳಗೆ ಪೇಪರ್ ತುರುಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಾಳೆನಾರು ಬಿಗಿದು ಬೀರುವಿಗೆ ಬೀಗ. ದೊಡ್ಡಮ್ಮನ ಒಡವೆಗೂ ಅಷ್ಟು ಬಂದೋಬಸ್ತು ಇರಲಿಲ್ಲ. ಎಂಟು ವರ್ಷದಲ್ಲಿ ನಾಲ್ಕು ಸಲ ಹಾಕಿದ್ದರೋ ಏನೋ.

ಮಗನ ಮದುವೆ ಬಂತು. ದಿಬ್ಬಣದ ಬಸ್ಸು ಇಳಿದು, ಸೂಟು ಬೂಟಿನಲ್ಲಿ ಛತ್ರದ ಕಡೆ ಹೊರಟರು. ಹತ್ತು ಹೆಜ್ಜೆಗೆ ಹಿಂದೆ ಕರಿ ಪುಡಿ ಉದುರತೊಡಗಿತು. ಇಪ್ಪತ್ತಕ್ಕೆ ಹುರಿಟ್ಟಿನ ಉಂಡೆ ಒಡೆದ ಹಾಗೆ ಚೂರು ಚೂರು. ಬಾಗಿಲಿಗೆ ಬರುವಷ್ಟರಲ್ಲಿ ಬೂಟಿನ ಮೇಲ್ಭಾಗ ಫಳಫಳ, ಕೆಳಗೆ ಬರೀ ಕಾಲುಚೀಲ. ದೊಡ್ಡಪ್ಪ ಮಾತ್ರ ಎತ್ತಿದ ತಲೆ ಇಳಿಸಲಿಲ್ಲ. ಹೆಣ್ಣಿನ ಕಡೆಯ ಅಜ್ಜಿಯೊಬ್ಬರು, "ಅಯ್ಯೋ, ಕಾಫಿಪುಡಿ ಚೆಲ್ಲಿದ್ಯಾರು?" ಎಂದರು. "ಯಾರೋ ಏನೋ, ಗುಡಿಸ್ಲಿಕ್ಕೆ ಹೇಳಿ" ಎಂದು ದೊಡ್ಡಪ್ಪ ಒಳಗೆ ನಡೆದರು.

ಆ ಅಟ್ಟೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನದ್ದು. ಗಾಳಿಯ ತೇವ ಕುಡಿದು ಕುಡಿದು ಒಳಗೊಳಗೇ ಪುಡಿಯಾಗುತ್ತದೆ, ಬೀಗ ಹಾಕಿದರೂ ಕೇಳುವುದಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವರು ಅದನ್ನು ತಿರುಗಿಸಿ ನೋಡಿ, "ಹಾಕ್ದೇ ಇಟ್ರೆ ಹಿಂಗೇ ಆಗೋದು ಸ್ವಾಮಿ" ಎಂದಿದ್ದರಂತೆ. ದೊಡ್ಡಪ್ಪ ಆಮೇಲೆ ಅವರ ಹತ್ತಿರ ಒಂದು ಉಂಗುಷ್ಟವನ್ನೂ ಹಾಕಿಸಲಿಲ್ಲ.

ನನ್ನ ಬೂಟು ಸದ್ಯ ಟೀವಿ ಪಕ್ಕ, ಬೆಚ್ಚಗಿರುವ ಸೆಟ್‌ಟಾಪ್ ಬಾಕ್ಸಿಗೆ ಒರಗಿ ಕೂತಿದೆ. ಒಳಗೆ ಪೇಪರ್ ತುರುಕಿದ್ದೇನೆ. ಇವತ್ತು ಶಿವಮೊಗ್ಗಕ್ಕೆ ಹೋಗುವ ಕೆಲಸವಿತ್ತು. ಹೊರಗೆ ಇಣುಕಿ ನೋಡಿದೆ. ಈ ಮಳೆಯಲ್ಲಿ ಸುಮ್ನೆ ಯಾಕೆ ಅಂತ ಹವಾಯಿಯಲ್ಲೇ ಹೋಗಿ ಬಂದೆ. ಪ್ಯಾಂಟಿನ ಹಿಂದೆ ಸೊಂಟದವರೆಗೂ ಕೆಸರಿನ ಚುಕ್ಕಿ.